ಹೆಸರು ನೆಕ್ಸಸ್, ಜನರ ಬಾಯಲ್ಲಿ ಇನ್ನೂ ಫೋರಂ

ಹೊಸೂರು ರಸ್ತೆಯ ಈ ಮಾಲ್ 2022ರಲ್ಲೇ ‘ನೆಕ್ಸಸ್ ಕೋರಮಂಗಲ’ ಆಗಿದೆ. ಆದರೂ ಆಟೊ ಹತ್ತಿ ‘ಫೋರಂ’ ಅಂದರೆ ಸಾಕು, ಆಡುಗೋಡಿ ದಾಟಿದ ಮೇಲೆ ಎಲ್ಲಿ ನಿಲ್ಲಿಸಬೇಕೆಂದು ಮತ್ತೆ ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷ ದಾಟಿದ ಮಾಲ್‌ಗಳು ಬೆಂಗಳೂರಲ್ಲಿ ಹೆಚ್ಚಿಲ್ಲ. ದಾಟಿಯೂ ಶನಿವಾರ ಸಂಜೆ ಎಸ್ಕಲೇಟರ್ ಮುಂದೆ ಜನ ಕಾಯುವಂಥ ಮಾಲ್ ಇನ್ನೂ ಕಡಿಮೆ. ಮೊದಲೇ ಹೇಳಿಬಿಡುವುದಾದರೆ, ಸಿನಿಮಾ, ಬಟ್ಟೆ, ಊಟ ಈ ಮೂರಕ್ಕೆ ಇವತ್ತೂ ಧೈರ್ಯವಾಗಿ ಹೋಗಬಹುದು. ಹಳೆಯ ಲ್ಯಾಂಡ್‌ಮಾರ್ಕ್ ಅಳತೆಯ ಪುಸ್ತಕದಂಗಡಿ, ಏನೂ ಕೊಳ್ಳದೆ ಒಂದು ಗಂಟೆ ಕಳೆಯುವ ಜಾಗ ಹುಡುಕಿಕೊಂಡು ಹೋಗುವವರಿಗೆ ಮಾತ್ರ ನಿರಾಸೆ ಖಂಡಿತ. ಮೊದಲ ಮೂರು ಯಾಕೆ ಉಳಿದವು, ಇವೆರಡು ಯಾಕೆ ಹೋದವು ಎನ್ನುವುದಕ್ಕೆ ಕಾರಣ ಮಾಲ್‌ನ ಬಾಡಿಗೆ ಲೆಕ್ಕದಲ್ಲಿದೆ. ಆ ಲೆಕ್ಕ ಗೊತ್ತಿದ್ದರೆ ಯಾವ ಮಾಲ್‌ಗೆ ಹೋದರೂ ಯಾವ ಅಂಗಡಿ ನಿಲ್ಲುತ್ತದೆ, ಯಾವುದು ಕೀಳುತ್ತದೆ ಎಂದು ಮುಂಚೆಯೇ ಅಂದಾಜು ಮಾಡಬಹುದು.

ಪ್ರೆಸ್ಟೀಜ್ ಗುಂಪು ಇದನ್ನು ತೆರೆದದ್ದು 2004ರ ಜನವರಿಯಲ್ಲಿ. ಅದೇ ವರ್ಷ ರೆಸಿಡೆನ್ಸಿ ರಸ್ತೆಯಲ್ಲಿ, ಹಳೆಯ ವಿಕ್ಟೋರಿಯಾ ಹೋಟೆಲ್ ಇದ್ದ ಜಾಗದಲ್ಲಿ ಬೆಂಗಳೂರು ಸೆಂಟ್ರಲ್ ಬಂತು. ಮರುವರ್ಷ ಮ್ಯಾಗ್ರತ್ ರಸ್ತೆಯಲ್ಲಿ ಗರುಡಾ ಮಾಲ್. ಅಲ್ಲಿಯವರೆಗೆ ಬಟ್ಟೆ ಅಂದರೆ ಕಮರ್ಷಿಯಲ್ ಸ್ಟ್ರೀಟ್ ಅಥವಾ ಚಿಕ್ಕಪೇಟೆ, ಸುತ್ತಾಟ ಅಂದರೆ ಬ್ರಿಗೇಡ್ ರಸ್ತೆ, ಮನೆ ಸಾಮಾನು ಅಂದರೆ ಜಯನಗರ ನಾಲ್ಕನೇ ಬ್ಲಾಕ್. ಈ ಎಲ್ಲವನ್ನೂ ಒಂದೇ ಸೂರಿನಡಿ ತಂದು, ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಕೊಟ್ಟು, ಮೇಲೆ 11 ಪರದೆಗಳ ಪಿವಿಆರ್ ಕೂರಿಸಿದ್ದು ಊರಿಗೆ ಹೊಸದು. ಜಾಗದ ಆಯ್ಕೆಯಲ್ಲೂ ಜಾಣತನ ಇತ್ತು. ಕ್ರೈಸ್ಟ್ ಕಾಲೇಜು, ಜ್ಯೋತಿ ನಿವಾಸ್, ಸೇಂಟ್ ಜಾನ್ಸ್ ಎಲ್ಲವೂ ಹತ್ತಿರ. ಎಲೆಕ್ಟ್ರಾನಿಕ್ ಸಿಟಿಯಿಂದ ಸಂಜೆ ಊರೊಳಗೆ ಬರುವವರಿಗೆ ಇದು ದಾರಿಯಲ್ಲೇ. ಕಾಲೇಜಿನವರು ವಾರದ ದಿನ ತುಂಬಿದರು, ಐಟಿಯವರು ವಾರಾಂತ್ಯ ತುಂಬಿದರು. ಮಾಲ್ ಬದುಕುವುದು ಭಾನುವಾರದ ಜಾತ್ರೆಯಿಂದಲ್ಲ, ಮಂಗಳವಾರ ಮಧ್ಯಾಹ್ನ ಎಷ್ಟು ಜನ ಬರುತ್ತಾರೆ ಎನ್ನುವುದರಿಂದ.

ಇನ್ನೊಂದನ್ನು ಹೇಳಲೇಬೇಕು. ಮಲ್ಟಿಪ್ಲೆಕ್ಸಲ್ಲಿ ಕನ್ನಡ ಸಿನಿಮಾಕ್ಕೆ ಜನ ಬರುವುದಿಲ್ಲ ಎಂದು ಗಟ್ಟಿಯಾಗಿ ಹೇಳುತ್ತಿದ್ದ ಕಾಲದಲ್ಲಿ, 2006ರ ಡಿಸೆಂಬರಿನಲ್ಲಿ ಬಂದ ‘ಮುಂಗಾರು ಮಳೆ’ ಬೆಂಗಳೂರಿನ ಪಿವಿಆರ್‌ನಲ್ಲಿ ಒಂದು ವರ್ಷಕ್ಕೂ ಮೀರಿ ಓಡಿತು. ಆಮೇಲೆ ಕನ್ನಡ ಸಿನಿಮಾಕ್ಕೆ ಸಂಜೆಯ ಶೋ ಕೇಳಲು ನಿರ್ಮಾಪಕರಿಗೆ ಒಂದು ಆಧಾರ ಸಿಕ್ಕಿತು. ಈ ಕಟ್ಟಡಕ್ಕೆ ಕನ್ನಡಿಗರ ನೆನಪಿನಲ್ಲಿ ಜಾಗ ಇದ್ದರೆ ಅದಕ್ಕೆ ಇದೂ ಕಾರಣ.

ಈಗ ಹೋದ ಅಂಗಡಿಗಳ ವಿಷಯ. ಫೋರಂ ಅಂದಾಗ ಹಳಬರಿಗೆ ನೆನಪಾಗುವುದು ಎರಡು: ಮೆಕ್‌ಡೊನಾಲ್ಡ್ಸ್ ಹತ್ತಿರದ ಮೆಟ್ಟಿಲು ಮತ್ತು ಲ್ಯಾಂಡ್‌ಮಾರ್ಕ್. ಲ್ಯಾಂಡ್‌ಮಾರ್ಕ್ ಹುಟ್ಟಿದ್ದು 1987ರಲ್ಲಿ ಚೆನ್ನೈನಲ್ಲಿ. 2005ರಲ್ಲಿ ಟಾಟಾ ಗುಂಪಿನ ಟ್ರೆಂಟ್ ಅದನ್ನು ಕೊಂಡಿತು. ಪುಸ್ತಕ, ಸಿಡಿ, ಆಟಿಕೆ, ಗ್ರೀಟಿಂಗ್ ಕಾರ್ಡ್, ಪೆನ್ನು ಎಲ್ಲ ಒಂದೇ ಕಡೆ. ಕಪಾಟಿಗೆ ಒರಗಿ ಕೂತು ಅರ್ಧ ಪುಸ್ತಕ ಓದಿದರೂ ಯಾರೂ ಎಬ್ಬಿಸುತ್ತಿರಲಿಲ್ಲ. ಅದು ಮುಚ್ಚಿದಾಗ ‘ಜನ ಓದೋದು ಬಿಟ್ಟರು’ ಎಂದು ಸುಲಭವಾಗಿ ಷರಾ ಬರೆದವರು ಬಹಳ. ಲೆಕ್ಕ ಹಾಕಿದರೆ ಹಾಗಲ್ಲ ಎಂದು ಗೊತ್ತಾಗುತ್ತದೆ.

500 ರೂಪಾಯಿಯ ಪುಸ್ತಕದ ಮೇಲೆ ಅಂಗಡಿಗೆ ಸಾಮಾನ್ಯವಾಗಿ ಸಿಗುವ ಕಮಿಷನ್ ಶೇ 35ರಿಂದ 40, ಅಂದರೆ 175ರಿಂದ 200 ರೂಪಾಯಿ. ಮಾಲ್‌ಗೆ ಮಾರಾಟದ ಶೇ 15 ಕೊಡಬೇಕಾದರೆ 75 ರೂಪಾಯಿ ಹೋಯಿತು. ಉಳಿದ 100-125ರಲ್ಲಿ ಸಂಬಳ, ಕರೆಂಟು, ನಿರ್ವಹಣಾ ಶುಲ್ಕ, ಕಪಾಟಿನಲ್ಲಿ ಆರು ತಿಂಗಳು ಕೂತ ಸ್ಟಾಕಿನ ಬಡ್ಡಿ ಎಲ್ಲ ಹೊರಡಬೇಕು. ಅದೇ 2,000 ರೂಪಾಯಿಯ ಶರ್ಟಿನಲ್ಲಿ ಅಂಗಡಿಯ ಪಾಲು ಅರ್ಧಕ್ಕೂ ಮೇಲೆ. ಮಾಲ್‌ಗೆ 300 ಕೊಟ್ಟರೂ ಕೈಯಲ್ಲಿ 700ಕ್ಕಿಂತ ಹೆಚ್ಚು ಉಳಿಯುತ್ತದೆ. ಹತ್ತು ಶರ್ಟು ತೂಗುಹಾಕುವ ಜಾಗದಲ್ಲಿ ಇಡಬಹುದಾದ ಪುಸ್ತಕಗಳಲ್ಲಿ ತಿಂಗಳಿಗೆ ಎಷ್ಟು ಹೋಗುತ್ತವೆ? ಇದರ ಮೇಲೆ 2007ರಲ್ಲಿ ಫ್ಲಿಪ್‌ಕಾರ್ಟ್ ಬಂತು. ಅದೂ ಇದೇ ಕೋರಮಂಗಲದ ಒಂದು ಅಪಾರ್ಟ್‌ಮೆಂಟಿನಿಂದ, ಮೊದಮೊದಲು ಪುಸ್ತಕವನ್ನೇ ಮಾರುತ್ತಾ, ಅಂಗಡಿಗೆ ಸಿಗುತ್ತಿದ್ದ ಕಮಿಷನ್ನಿನಲ್ಲಿ ದೊಡ್ಡ ಪಾಲನ್ನು ಗಿರಾಕಿಗೇ ರಿಯಾಯಿತಿಯಾಗಿ ಕೊಡುತ್ತಾ. ಓದುಗರು ಲ್ಯಾಂಡ್‌ಮಾರ್ಕ್‌ನಲ್ಲಿ ನಿಂತು ಪುಟ ತಿರುವಿ, ಮನೆಗೆ ಹೋಗಿ ಆರ್ಡರ್ ಮಾಡಿದರು. ಓದು ನಿಲ್ಲಲಿಲ್ಲ, ಓದಿನ ದುಡ್ಡು ಮಾಲ್ ಬಿಟ್ಟು ಹೋಯಿತು. ಅದೇ ಟ್ರೆಂಟ್ ಕಂಪನಿಯ ಬಟ್ಟೆ ಅಂಗಡಿಗಳಾದ ವೆಸ್ಟ್‌ಸೈಡ್, ಜುಡಿಯೊ ಇವತ್ತು ಊರ ತುಂಬಾ ಇವೆ. ಮಾಲೀಕರು ಬದಲಾಗಲಿಲ್ಲ, ಪುಸ್ತಕದ ಜಾಗಕ್ಕೆ ಬಟ್ಟೆ ಬಂತು.

ಮಾಲ್‌ನಲ್ಲಿ ಅಂಗಡಿ ಹಾಕಬೇಕೆಂದು ಯೋಚಿಸುವವರಿಗೆ ಬಾಡಿಗೆ ಕರಾರಿನ ಸ್ವರೂಪ ಸ್ವಲ್ಪ ಬಿಡಿಸಿ ಹೇಳಬೇಕು. ಮಾಮೂಲಿ ಅಂಗಡಿಗೆ ಕರಾರು ಸಾಮಾನ್ಯವಾಗಿ ಒಂಬತ್ತು ವರ್ಷ. ಅದರಲ್ಲಿ ಮೊದಲ ಮೂರು ವರ್ಷ ಲಾಕ್-ಇನ್, ಅಂದರೆ ನಡುವೆ ಬಿಟ್ಟುಹೋದರೂ ಉಳಿದ ಬಾಡಿಗೆ ಕಟ್ಟಬೇಕು. ಮೂರು ವರ್ಷಕ್ಕೊಮ್ಮೆ ಶೇ 12ರಿಂದ 15 ಏರಿಕೆ. ಬಾಡಿಗೆ ಎರಡು ರೀತಿ: ಕನಿಷ್ಠ ಖಾತರಿ ಮೊತ್ತ ಅಥವಾ ಮಾರಾಟದ ಪಾಲು, ಯಾವುದು ಹೆಚ್ಚೋ ಅದು. ಒಂದು ಉದಾಹರಣೆ ಹಿಡಿಯಿರಿ. ಖಾತರಿ ತಿಂಗಳಿಗೆ 2 ಲಕ್ಷ, ಪಾಲು ಶೇ 12. ತಿಂಗಳ ಮಾರಾಟ 15 ಲಕ್ಷವಾದರೆ ಪಾಲು 1.80 ಲಕ್ಷ, ಆದರೆ ಕಟ್ಟಬೇಕಾದ್ದು 2 ಲಕ್ಷ. ಮಾರಾಟ 25 ಲಕ್ಷವಾದರೆ 3 ಲಕ್ಷ. ಸುಮಾರು 16.67 ಲಕ್ಷದ ಗೆರೆ ದಾಟಿದ ಮೇಲಷ್ಟೇ ಮಾಲ್‌ಗೂ ಅಂಗಡಿಗೂ ಹಿತ ಒಂದಾಗುತ್ತದೆ. ಏರಿಕೆ ಶೇ 15ರಂತೆ ಆದರೆ ನಾಲ್ಕನೇ ವರ್ಷ ಆ 2 ಲಕ್ಷ 2.30 ಲಕ್ಷವಾಗುತ್ತದೆ, ಏಳನೇ ವರ್ಷ 2.645 ಲಕ್ಷ. ಬಾಡಿಗೆ ಇಷ್ಟು ಏರಿದಾಗ ಮಾರಾಟವೂ ಏರದಿದ್ದರೆ ಅಂಗಡಿ ಕೀಳುತ್ತದೆ. ಹಾಗಾಗಿಯೇ ಮಾಲ್‌ಗಳಲ್ಲಿ ಮೂರನೇ ಮತ್ತು ಆರನೇ ವರ್ಷದ ಹೊತ್ತಿಗೆ ಬೋರ್ಡುಗಳು ಸಾಲಾಗಿ ಬದಲಾಗುವುದು.

ಹೊಸಬರು ಎಡವುವುದು ಅಳತೆಯಲ್ಲಿ. ಬಾಡಿಗೆ ಹಾಕುವುದು ಅಂಗಡಿಯೊಳಗಿನ ಕಾರ್ಪೆಟ್ ಜಾಗಕ್ಕಲ್ಲ. ಕಾರಿಡಾರು, ಎಸ್ಕಲೇಟರು, ಶೌಚಾಲಯ ಎಲ್ಲದರ ಪಾಲನ್ನು ಸೇರಿಸಿದ ಚಾರ್ಜಬಲ್ ಜಾಗಕ್ಕೆ. 1,000 ಚದರಡಿಗೆ ದುಡ್ಡು ಕಟ್ಟಿದರೆ ಶಟರ್ ಒಳಗೆ 550 ಚದರಡಿ ಸಿಗುವುದು ಮಾಮೂಲು. ಚದರಡಿಗೆ 150 ರೂಪಾಯಿ ಎಂದು ಒಪ್ಪಿಕೊಂಡದ್ದು ನಿಜದಲ್ಲಿ 273 ರೂಪಾಯಿ. ನಿರ್ವಹಣಾ ಶುಲ್ಕವೂ ಅದೇ ಅಳತೆಯ ಮೇಲೆ ಬರುತ್ತದೆ, ಜತೆಗೆ ಶೇ 18 ಜಿಎಸ್‌ಟಿ. ಕರಾರಿಗೆ ಸಹಿ ಹಾಕುವ ಮುನ್ನ ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆದು, ತಿಂಗಳ ಒಟ್ಟು ಖರ್ಚನ್ನು ಆ ಅಳತೆಯಿಂದ ಭಾಗಿಸಿ ನೋಡಲೇಬೇಕು.

ಸಿನಿಮಾ, ದೊಡ್ಡ ಬಟ್ಟೆ ಮಳಿಗೆ, ಸೂಪರ್ ಮಾರ್ಕೆಟ್ ಇವಕ್ಕೆ ಈ ದರವಿಲ್ಲ. ಇವು ಆಂಕರ್‌ಗಳು. ಕಡಿಮೆ ಬಾಡಿಗೆ, ಉದ್ದನೆಯ ಕರಾರು. ಇವು ಜನರನ್ನು ಕರೆತರುತ್ತವೆ, ಆ ಜನ ಸಣ್ಣ ಅಂಗಡಿಗಳ ಮುಂದೆ ಹಾದುಹೋಗುತ್ತಾರೆ, ಸಣ್ಣ ಅಂಗಡಿಗಳು ಹೆಚ್ಚು ಬಾಡಿಗೆ ಕಟ್ಟಿ ಈ ವ್ಯವಸ್ಥೆಯನ್ನು ನಡೆಸುತ್ತವೆ. ಮೇಲಂತಸ್ತಿನಲ್ಲಿ ಸಿನಿಮಾ ಇಡುವುದೂ ಇದಕ್ಕೇ: ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಎಲ್ಲ ಮಹಡಿಯೂ ಕಣ್ಣಿಗೆ ಬೀಳಬೇಕು.

ಅಂಗಡಿ ಬದಲಾಗುವುದನ್ನು ಹತ್ತಿರದಿಂದ ನೋಡಬೇಕಾದರೆ ಬಿಳಿ ಜಿಪ್ಸಂ ಹಲಗೆಯಿಂದ ಮುಚ್ಚಿದ ಒಂದು ಯೂನಿಟ್ ಮುಂದೆ ಎರಡು ನಿಮಿಷ ನಿಲ್ಲಿ. ಹಲಗೆಯ ಕೆಳಗೆ ಬೆರಳಗಲದ ಸಂದಿಯಲ್ಲಿ ನೆಲ ಕಾಣುತ್ತದೆ. ಟೈಲ್ಸ್ ಕಿತ್ತು ಸಿಮೆಂಟು ತೋರುತ್ತಿದ್ದರೆ ಹಳೆಯ ಅಂಗಡಿ ಪೂರ್ತಿ ಹೋಗಿದೆ. ಟೈಲ್ಸ್ ಹಾಗೇ ಇದ್ದರೆ ಬಹುಶಃ ಅದೇ ಬ್ರ್ಯಾಂಡ್ ಹೊಸ ವಿನ್ಯಾಸಕ್ಕೆ ಮುಚ್ಚಿದೆ. ಹಲಗೆಯ ಮೇಲ್ಗಡೆ, ಚಾವಣಿಯ ಪಕ್ಕದಲ್ಲಿ ತಗಡಿನ ದೊಡ್ಡ ಕೊಳವೆ ಹೊರಗೆ ಬಂದಿದ್ದರೆ ಅದು ಅಡುಗೆಮನೆಯ ಹೊಗೆ ಎಳೆಯುವ ಡಕ್ಟ್, ಮುಂದೆ ಬರುವುದೂ ತಿಂಡಿಯಂಗಡಿಯೇ. ಹೋಟೆಲಿನ ಜಾಗಕ್ಕೆ ಹೋಟೆಲೇ ಬರುವುದಕ್ಕೆ ರುಚಿ ಕಾರಣವಲ್ಲ. ಗ್ಯಾಸ್ ಪೈಪು, ಎಣ್ಣೆಜಿಡ್ಡು ಹಿಡಿಯುವ ಗ್ರೀಸ್ ಟ್ರ್ಯಾಪ್, ನೀರು ಹೋಗುವ ಚರಂಡಿ ಪಾಯಿಂಟ್, ಬಟ್ಟೆ ಅಂಗಡಿಯ ಹಲವು ಪಟ್ಟು ವಿದ್ಯುತ್ ಲೋಡ್, ಇವಿಷ್ಟೂ ಇರುವ ಜಾಗ ಮಾಲ್‌ನಲ್ಲಿ ಎಣಿಸಿದಷ್ಟೇ. ಮಧ್ಯದ ಕಾರಿಡಾರಿನಲ್ಲಿ ಹೊಸದಾಗಿ ಹೋಟೆಲ್ ಮಾಡಲು ಹೋದರೆ ಚರಂಡಿಗೆ ಇಳಿಜಾರು ಸಿಗದೆ ನೆಲವನ್ನೇ ಆರಿಂಚು ಎತ್ತಬೇಕಾಗುತ್ತದೆ. ಹಾಗೆ ಎತ್ತಿದ ಕಡೆ ಬಾಗಿಲಲ್ಲಿ ಒಂದು ಮೆಟ್ಟಿಲು ಹುಟ್ಟುತ್ತದೆ, ವೀಲ್‌ಚೇರ್‌ಗೆ ಕಷ್ಟವಾಗುತ್ತದೆ. ಹೊಸ ಅಂಗಡಿಗೆ ಒಳಾಂಗಣ ಕೆಲಸಕ್ಕೆ ಬಾಡಿಗೆಯಿಲ್ಲದೆ ಕೊಡುವ ಅವಧಿ 45ರಿಂದ 90 ದಿನ. ಹಲಗೆ ಮೂರು ತಿಂಗಳು ದಾಟಿಯೂ ಹಾಗೇ ನಿಂತಿದ್ದರೆ ಮಾತುಕತೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದೇ ಅರ್ಥ.

2020ರ ಮಾರ್ಚಿನಿಂದ ಜೂನ್ 8ರವರೆಗೆ ರಾಜ್ಯದ ಮಾಲ್‌ಗಳೆಲ್ಲ ಮುಚ್ಚಿದ್ದವು. ಅದೇ ವರ್ಷದ ಕೊನೆಗೆ ಪ್ರೆಸ್ಟೀಜ್ ತನ್ನ ಮಾಲ್‌ಗಳನ್ನೂ ಹಲವು ಕಚೇರಿ ಕಟ್ಟಡಗಳನ್ನೂ ಬ್ಲ್ಯಾಕ್‌ಸ್ಟೋನ್‌ಗೆ ಮಾರುವ ಒಪ್ಪಂದ ಮಾಡಿಕೊಂಡಿತು. ಒಟ್ಟು ವ್ಯವಹಾರ ಸುಮಾರು 9,160 ಕೋಟಿ ರೂಪಾಯಿ. ಮಾಲ್‌ಗಳು ಬ್ಲ್ಯಾಕ್‌ಸ್ಟೋನ್‌ನ ಮಾಲ್ ಕಂಪನಿಯಾದ ನೆಕ್ಸಸ್ ಕೈಗೆ ಬಂದವು. ಕೋರಮಂಗಲದ ಜತೆಗೆ ವೈಟ್‌ಫೀಲ್ಡಿನ ಎರಡು, ಮಂಗಳೂರು ಪಾಂಡೇಶ್ವರದ ಫಿಜಾ, ಮೈಸೂರಿನ ಸೆಂಟರ್ ಸಿಟಿ ಕೂಡ ಫೋರಂ ಹೆಸರು ಕಳಚಿ ನೆಕ್ಸಸ್ ಆದವು. ಫೋರಂ ಎಂಬ ಹೆಸರು ಪ್ರೆಸ್ಟೀಜ್ ಬಳಿಯೇ ಉಳಿಯಿತು. ಈಗ ಕನಕಪುರ ರಸ್ತೆಯ ಫೋರಂ ಸೌತ್, ಬ್ರಿಗೇಡ್ ರಸ್ತೆಯಲ್ಲಿ ರೆಕ್ಸ್ ಚಿತ್ರಮಂದಿರ ಇದ್ದ ಜಾಗದ ಫೋರಂ ರೆಕ್ಸ್ ವಾಕ್ ಅದರವು. ಸ್ನೇಹಿತರಿಗೆ ‘ಫೋರಂಗೆ ಬಾ’ ಅನ್ನುವಾಗ ಯಾವುದು ಎಂದು ಸೇರಿಸಿ ಹೇಳುವುದು ಒಳ್ಳೆಯದು.

2023ರ ಮೇ ತಿಂಗಳಲ್ಲಿ ನೆಕ್ಸಸ್‌ನ 17 ಮಾಲ್‌ಗಳು ಸೇರಿದ ಟ್ರಸ್ಟ್ ಷೇರುಪೇಟೆಗೆ ಬಂತು, ಮಾಲ್‌ಗಳದ್ದೇ ಆದ ದೇಶದ ಮೊದಲ ರೀಟ್, ಅಂದರೆ ಕಟ್ಟಡಗಳ ಬಾಡಿಗೆ ಆದಾಯವನ್ನು ಹೂಡಿಕೆದಾರರಿಗೆ ಹಂಚುವ ಟ್ರಸ್ಟ್. ವಿತರಿಸಬಹುದಾದ ನಗದಿನಲ್ಲಿ ಕನಿಷ್ಠ ಶೇ 90ರಷ್ಟನ್ನು ಹೂಡಿಕೆದಾರರಿಗೆ ಹಂಚಬೇಕೆಂಬುದು ಸೆಬಿ ನಿಯಮ. ಹೀಗಾಗಿ ಪ್ರತಿ ಮೂಲೆಯೂ ದುಡಿಯಬೇಕು. ಖಾಲಿ ಯೂನಿಟ್ ಬೇಗ ತುಂಬುತ್ತದೆ, ಶೌಚಾಲಯ ಸ್ವಚ್ಛವಾಗಿರುತ್ತದೆ, ಲಿಫ್ಟು ಕೆಟ್ಟು ನಿಲ್ಲುವುದು ಕಡಿಮೆ. ಇದು ಗಿರಾಕಿಗೆ ಆಗುವ ಲಾಭ. ನಷ್ಟವೂ ಇದೆ: ಕೂರಲು ಬೆಂಚು ಹಾಕಬಹುದಾದ ಕಡೆಯೆಲ್ಲ ಮೊಬೈಲ್ ಕವರು, ಸುಗಂಧ, ಕಡಲೆ-ಜೋಳದ ಕಿಯೋಸ್ಕ್ ಬರುತ್ತವೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಇದು ನಿಜವಾದ ತೊಂದರೆ, ಮಾಲ್‌ನವರು ಮನಸ್ಸು ಮಾಡಿದರೆ ಸರಿಪಡಿಸುವಂಥದ್ದೂ ಹೌದು.

ಸಿನಿಮಾಕ್ಕೆ ಬರೋಣ. 2023ರ ಫೆಬ್ರುವರಿಯಲ್ಲಿ ಪಿವಿಆರ್ ಮತ್ತು ಐನಾಕ್ಸ್ ಒಂದಾದವು. ಗರುಡಾದ ಐನಾಕ್ಸ್, ಮಂತ್ರಿ ಸ್ಕ್ವೇರ್‌ನ ಐನಾಕ್ಸ್, ಇಲ್ಲಿಯ ಪಿವಿಆರ್ ಎಲ್ಲವೂ ಈಗ ಒಂದೇ ಕಂಪನಿ, ಮೊದಲಿನ ಪೈಪೋಟಿ ಇಲ್ಲ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಟಿಕೆಟ್‌ಗೆ 200 ರೂಪಾಯಿಯ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಹಾಗಾಗಿ ದುಡ್ಡು ಉಳಿಸುವ ದಾರಿ ಹಳೆಯದೇ: ವಾರದ ದಿನದ ಬೆಳಗಿನ ಶೋ, ಸಾಮಾನ್ಯ ಪರದೆ. 11 ಪರದೆ ಇರುವುದರಿಂದ ಸಣ್ಣ ಕನ್ನಡ ಚಿತ್ರಕ್ಕೂ ಇಲ್ಲಿ ಶೋ ಸಿಗುವ ಸಾಧ್ಯತೆ ಹೆಚ್ಚು. ಆದರೆ ಶುಕ್ರವಾರದಿಂದ ಭಾನುವಾರದೊಳಗೆ ನೋಡಿಬಿಡಿ. ಸೋಮವಾರ ಪಟ್ಟಿ ಕುಗ್ಗುತ್ತದೆ. ಹೊರಗಿನ ತಿಂಡಿ ಬೇಡ ಎನ್ನಲು ಚಿತ್ರಮಂದಿರಕ್ಕೆ ಹಕ್ಕಿದೆ, ಆದರೆ ಕುಡಿಯುವ ಶುದ್ಧ ನೀರನ್ನು ಉಚಿತವಾಗಿ ಕೊಡಲೇಬೇಕು, ಹಸುಗೂಸಿನ ಆಹಾರವನ್ನು ತಡೆಯುವಂತಿಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ನಲ್ಲಿ ಕಾಣದಿದ್ದರೆ ಕೌಂಟರಿನಲ್ಲಿ ಕೇಳಿ ಪಡೆಯಿರಿ.

ಬಟ್ಟೆ ಕೊಳ್ಳಲು ಸರಿಯಾದ ಕಾಲ ಜೂನ್ ಕೊನೆಯಿಂದ ಜುಲೈ, ಡಿಸೆಂಬರ್ ಕೊನೆಯಿಂದ ಜನವರಿ. ಸೇಲ್ ಶುರುವಾದ ಮೊದಲ ವಾರ ರಿಯಾಯಿತಿ ಕಡಿಮೆ, ಅಳತೆ ಎಲ್ಲ ಇರುತ್ತದೆ. ಮೂರನೇ ವಾರಕ್ಕೆ ರಿಯಾಯಿತಿ ಏರಿ, ಅತಿ ಚಿಕ್ಕದು, ಅತಿ ದೊಡ್ಡದು ಮಾತ್ರ ಉಳಿದಿರುತ್ತವೆ. ನಡುವಿನ ಅಳತೆಯವರು ಎರಡನೇ ವಾರದ ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಬಾಗಿಲು ತೆರೆದ ಮೊದಲೆರಡು ಗಂಟೆಯಲ್ಲಿ ಹೋಗುವುದು ಉತ್ತಮ. ಟ್ರಯಲ್ ರೂಮಿನ ಸಾಲೂ ಇರುವುದಿಲ್ಲ. ಬಿಲ್ಲಿನಲ್ಲಿ ತೆರಿಗೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಒಂದು ಬಟ್ಟೆಯ ತೆರಿಗೆರಹಿತ ಬೆಲೆ 2,500 ರೂಪಾಯಿವರೆಗೆ ಇದ್ದರೆ ಶೇ 5, ಮೀರಿದರೆ ಶೇ 18. ಅಂದರೆ 2,500ರ ಬಟ್ಟೆಗೆ ಒಟ್ಟು 2,625; 2,501 ಆದರೆ 2,951. ಲೆಕ್ಕಕ್ಕೆ ಬರುವುದು ರಿಯಾಯಿತಿ ಕಳೆದ ಮೇಲಿನ ಬೆಲೆ, ಟ್ಯಾಗಿನದಲ್ಲ. ಗೆರೆಯ ಆಸುಪಾಸಿನಲ್ಲಿದ್ದರೆ ಇನ್ನೊಂದು ಸಣ್ಣ ಕೂಪನ್ ಹಾಕಿಸಿದರೆ ಮುನ್ನೂರು ರೂಪಾಯಿ ಉಳಿಯುತ್ತದೆ. ಸೇಲಿನ ಮಾಲಿಗೆ ವಿನಿಮಯ ಉಂಟೇ, ಎಷ್ಟು ದಿನ, ಯಾವ ಶಾಖೆಯಲ್ಲಿ ಎನ್ನುವುದನ್ನು ದುಡ್ಡು ಕೊಡುವ ಮೊದಲೇ ಕೇಳಿ.

ಊಟದಲ್ಲಿ ಫುಡ್ ಕೋರ್ಟ್ ಗದ್ದಲ ಶನಿವಾರ ಒಂದೂವರೆಯಿಂದ ಮೂರು, ರಾತ್ರಿ ಎಂಟರಿಂದ ಒಂಬತ್ತೂವರೆ. ಮೊದಲು ಜಾಗ ಹಿಡಿದು ಆಮೇಲೆ ಆರ್ಡರ್ ಮಾಡಿ. ತಟ್ಟೆ ಹಿಡಿದು ನಿಲ್ಲುವಂತಾಗುವುದು ಉಲ್ಟಾ ಮಾಡಿದಾಗ. ಪ್ರೀಪೇಯ್ಡ್ ಕಾರ್ಡ್ ಕೊಟ್ಟರೆ ಉಳಿದ ಹಣ ವಾಪಸ್ ಸಿಗುತ್ತದೆಯೇ ಎಂದು ಮೊದಲೇ ಕೇಳಿ, ಬೇಕಾದಷ್ಟೇ ತುಂಬಿಸಿ. ಕೂತು ತಿನ್ನುವ ರೆಸ್ಟೊರೆಂಟಿನ ಬಿಲ್ಲಿನಲ್ಲಿ ಸರ್ವೀಸ್ ಚಾರ್ಜ್ ಇದ್ದರೆ ಅದು ಕಡ್ಡಾಯವಲ್ಲ, ತೆಗೆಯಿರಿ ಎನ್ನಬಹುದು.

ಹೋಗುವ ಬಗೆ. ಕಾರು ಬೇಡ ಎನ್ನುವುದು ಪ್ರಾಮಾಣಿಕ ಸಲಹೆ. ಹೊಸೂರು ರಸ್ತೆಯಿಂದ ನೆಲಮಾಳಿಗೆಗೆ ಇಳಿಯುವ ಸಾಲು ವಾರಾಂತ್ಯದಲ್ಲಿ ರಸ್ತೆಗೇ ಬರುತ್ತದೆ. ಅದಕ್ಕಿಂತ ಕಷ್ಟ ಹೊರಬರುವುದು: ಎರಡು ಮೂರು ಪರದೆಗಳ ಶೋ ಒಟ್ಟಿಗೆ ಬಿಟ್ಟಾಗ ರ‍್ಯಾಂಪ್ ಕಟ್ಟಿಕೊಳ್ಳುತ್ತದೆ. ಕಾರಲ್ಲೇ ಹೋಗುವುದಾದರೆ ಶೋಗೆ 40 ನಿಮಿಷ ಮುಂಚೆ ತಲುಪಿ, ಮುಗಿದ ಮೇಲೆ 20 ನಿಮಿಷ ಮೇಲೆಯೇ ಕಳೆಯಿರಿ, ಕಂಬದ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಳ್ಳಿ. ಬಸ್ಸಿಗೆ ಹೊಸೂರು ರಸ್ತೆ ಹಿಡಿಯುವ 356, 360 ಸರಣಿ ಸಲೀಸು. ಈ ವಿಷಯದಲ್ಲಿ ಮಲ್ಲೇಶ್ವರದ ಮಂತ್ರಿ ಸ್ಕ್ವೇರ್ ಬಹಳ ಮುಂದೆ: ರಾಜಾ ಮಿಲ್ ಜಾಗದಲ್ಲಿ ಎದ್ದ ಆ ಮಾಲ್‌ಗೆ 2014ರಿಂದ ಸಂಪಿಗೆ ರಸ್ತೆ ಮೆಟ್ರೊ ನಿಲ್ದಾಣ ಪಕ್ಕದಲ್ಲೇ ಇದೆ. ವಿಶಾಲ ಜಾಗ, ಕೆರೆಯ ಅಂಚಿನ ಗಾಳಿ ಬೇಕಾದವರಿಗೆ ರಾಜಾಜಿನಗರದ ಓರಿಯನ್, ಹೊಸ ದುಬಾರಿ ಬ್ರ್ಯಾಂಡ್‌ಗಳಿಗೆ ಬಳ್ಳಾರಿ ರಸ್ತೆಯ ಮಾಲ್ ಆಫ್ ಏಷ್ಯಾ. ಅಳತೆಯಲ್ಲಿ ಕೋರಮಂಗಲದ್ದು ಇವೆಲ್ಲದರ ಮುಂದೆ ಚಿಕ್ಕದು. ಆ ಚಿಕ್ಕತನವೇ ಇದರ ಅನುಕೂಲ. ಒಂದು ತುದಿಯಿಂದ ಇನ್ನೊಂದಕ್ಕೆ ನಡೆದು ಕಾಲು ಸೋಲುವುದಿಲ್ಲ, ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ.

ನಾಮಫಲಕಗಳಲ್ಲಿ ಶೇ 60 ಕನ್ನಡ ಇರಬೇಕೆಂಬ ನಿಯಮ 2024ರಲ್ಲಿ ಬಿಗಿಯಾದ ಮೇಲೆ ಊರಿನ ಮಾಲ್‌ಗಳ ಬೋರ್ಡುಗಳಲ್ಲಿ ಕನ್ನಡ ಕಾಣುತ್ತದೆ. ಮುಂದಿನ ಹೆಜ್ಜೆ ಬೋರ್ಡಿನ ಹಿಂದಿನದ್ದು. ಸಿನಿಮಾಕ್ಕೂ ಸೂಪರ್ ಮಾರ್ಕೆಟ್‌ಗೂ ಕಡಿಮೆ ಬಾಡಿಗೆ ಕೊಡುವ ಮಾಲ್, ಜನ ನಿಂತು ನೋಡುವಂಥ ಒಂದು ಪುಸ್ತಕದಂಗಡಿಯನ್ನೂ ಆಂಕರ್ ಎಂದು ಪರಿಗಣಿಸಬಹುದು: ಮೇಲಂತಸ್ತಿನ ಹಿಂಬದಿ ಮೂಲೆಯ 1,500 ಚದರಡಿ, ಕನಿಷ್ಠ ಖಾತರಿ ಇಲ್ಲದೆ ಮಾರಾಟದ ಶೇ 5 ಮಾತ್ರ, ಅರ್ಧ ಕಪಾಟು ಕನ್ನಡಕ್ಕೆ, ನಾಲ್ಕು ಬೆಂಚು. ಮಂಗಳವಾರ ಮಧ್ಯಾಹ್ನ ಆ ಮೂಲೆಗೆ ಜನ ಬಂದರೆ, ಹಾದಿಯಲ್ಲಿರುವ ಹತ್ತು ಅಂಗಡಿಗಳ ಮುಂದೆಯೂ ನಡೆದೇ ಬರಬೇಕು.